ಹೊಸ ವಿಂಡೋಸ್, ಹಳೆಯ ಲೆಕ್ಕಪತ್ರ: ಗಣಕಯಂತ್ರ ಬದಲಿಸುವ ಮುನ್ನ ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಉಚಿತ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಆ ದಿನಾಂಕವು ಸಮೀಪಿಸಿದಾಗಿನಿಂದಲೂ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಭಾಗದ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ತಮ್ಮ ಲೆಕ್ಕಪರಿಶೋಧಕರನ್ನು ಪದೇಪದೇ ಕೇಳುತ್ತಿರುವ ಪ್ರಶ್ನೆಯೊಂದಿದೆ: ಈಗಿರುವ ಕಂಪ್ಯೂಟರನ್ನೇ ಮುಂದುವರಿಸಬಹುದೇ, ಇಲ್ಲವೇ ಹೊಸದನ್ನು ಕೊಳ್ಳಲೇಬೇಕೇ?

ಪ್ರಶ್ನೆ ಸಹಜವಾದುದೇ. ಆದರೆ ಅದು ಅಪೂರ್ಣ. ಅಂಗಡಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಕಂಪ್ಯೂಟರ್ ಒಂಟಿಯಾಗಿ ನಿಂತಿರುವುದಿಲ್ಲ. ಅದಕ್ಕೆ ಬಿಲ್ ಮುದ್ರಿಸುವ ಪ್ರಿಂಟರ್, ತೂಕದ ಯಂತ್ರ, ಡಿಜಿಟಲ್ ಸಹಿಯ ಟೋಕನ್, ಲೆಕ್ಕಪತ್ರದ ತಂತ್ರಾಂಶ, ಹತ್ತಾರು ವರ್ಷಗಳ ಕಡತಗಳು, ಇನ್ನೊಂದು ಮೇಜಿನ ಮೇಲಿರುವ ಮತ್ತೊಂದು ಕಂಪ್ಯೂಟರ್ ಇವೆಲ್ಲವೂ ಹೊಂದಿಕೊಂಡಿರುತ್ತವೆ. ಯಂತ್ರವನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಅದಕ್ಕೆ ಹೊಂದಿಕೊಂಡಿರುವುದೆಲ್ಲವೂ ಮರುದಿನ ಬೆಳಿಗ್ಗೆ ಮೊದಲಿನಂತೆಯೇ ಕೆಲಸ ಮಾಡುವುದೆಂಬ ಭರವಸೆ ಇಲ್ಲ. ಆದುದರಿಂದ ಯಾವ ಕಂಪ್ಯೂಟರ್ ಕೊಳ್ಳಬೇಕೆಂಬುದಕ್ಕಿಂತ ಮೊದಲು, ನಮ್ಮ ವ್ಯವಹಾರದ ಯಾವ ಯಾವ ಭಾಗ ಅದರ ಮೇಲೆ ನಿಂತಿದೆ ಎಂಬುದನ್ನು ಪಟ್ಟಿ ಮಾಡುವುದು ಅಗತ್ಯ. ಈ ಲೇಖನದ ಉದ್ದೇಶ ಅಂತಹ ಪಟ್ಟಿಯನ್ನು ಸಿದ್ಧಪಡಿಸಲು ನೆರವಾಗುವುದು.

ಹೊಂದಾಣಿಕೆ ಎಂದರೇನು?

ಬಂಗಾರಪೇಟೆಯ ಹಿರಿಯ ವರ್ತಕರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮದ್ರಾಸು–ಬೆಂಗಳೂರು ಮಾರ್ಗ ಮತ್ತು ಮಾರಿಕುಪ್ಪಂ ಕವಲು ಬ್ರಾಡ್‌ಗೇಜ್ ಆಗಿದ್ದರೆ, ಕೋಲಾರದ ಕಡೆಗೆ ಹೊರಡುತ್ತಿದ್ದ ಮಾರ್ಗವು ಹಲವು ದಶಕಗಳ ಕಾಲ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಆಗಿತ್ತು. ಎರಡೂ ರೈಲುಗಳೇ, ಎರಡೂ ಮಾರ್ಗಗಳು ಸೇರುತ್ತಿದ್ದುದು ಇದೇ ಜಂಕ್ಷನ್ನಿನಲ್ಲಿ. ಆದರೂ ಒಂದರ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ಓಡುತ್ತಿರಲಿಲ್ಲ. ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಹಳೆಯ ತಂತ್ರಾಂಶ ಮತ್ತು ಹೊಸ ಆಪರೇಟಿಂಗ್ ಸಿಸ್ಟಂ ನಡುವಿನ ಸಂಬಂಧವೂ ಇದೇ ಬಗೆಯದು. ತಂತ್ರಾಂಶ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ಎರಡರ ಗೇಜ್ ಬೇರೆಯಾಗಿದೆ.

ಆಪರೇಟಿಂಗ್ ಸಿಸ್ಟಂ ಎಂಬುದು ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಕ್ಕೂ ಮಧ್ಯೆ ನಿಂತು ವ್ಯವಹಾರ ನಡೆಸುವ ಮಧ್ಯವರ್ತಿ. ಪ್ರಿಂಟರ್ ಮುಂತಾದ ಪ್ರತಿಯೊಂದು ಉಪಕರಣದೊಡನೆ ಮಾತನಾಡಲು ಅದಕ್ಕೆ ಡ್ರೈವರ್ ಎಂದು ಕರೆಯಲಾಗುವ ಸಣ್ಣ ತಂತ್ರಾಂಶವೊಂದು ಬೇಕು. ಮಧ್ಯವರ್ತಿ ಬದಲಾದಾಗ ಹಳೆಯ ಡ್ರೈವರ್ ನಿರುಪಯೋಗಿಯಾಗಬಹುದು. ಹೊಸ ಡ್ರೈವರನ್ನು ಉಪಕರಣದ ತಯಾರಕರೇ ಒದಗಿಸಬೇಕು. ತಯಾರಕರು ಆ ಮಾದರಿಯನ್ನು ಕೈಬಿಟ್ಟಿದ್ದಲ್ಲಿ, ಚೆನ್ನಾಗಿಯೇ ಓಡುತ್ತಿರುವ ಉಪಕರಣವೂ ಮೂಲೆ ಸೇರಬೇಕಾಗುತ್ತದೆ.

ಹಳೆಯದನ್ನೇ ಮುಂದುವರಿಸಿದರೆ ಏನಾಗುತ್ತದೆ?

ಬೆಂಬಲ ಕೊನೆಗೊಂಡಿತೆಂದರೆ ಕಂಪ್ಯೂಟರ್ ನಿಂತುಹೋಗುತ್ತದೆಂದು ಅರ್ಥವಲ್ಲ. ವಿಂಡೋಸ್ 10 ಎಂದಿನಂತೆ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಹೊಸದಾಗಿ ಪತ್ತೆಯಾಗುವ ದೋಷಗಳನ್ನು ಮುಚ್ಚುವ ಸುರಕ್ಷತಾ ತಿದ್ದುಪಡಿಗಳು ಉಚಿತವಾಗಿ ಬರುವುದು ನಿಲ್ಲುತ್ತದೆ. ಇದರ ಪರಿಣಾಮವೇನೆಂಬುದಕ್ಕೆ 2017ರ ಮೇ 12ರಂದು ಆರಂಭವಾದ ವಾನಾಕ್ರೈ ದಾಳಿ ಉತ್ತಮ ನಿದರ್ಶನ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಆ ದುಷ್ಟ ತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಹರಡಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೂ ರೆನೋ ಕಾರು ಕಾರ್ಖಾನೆಗಳನ್ನೂ ಸ್ಥಗಿತಗೊಳಿಸಿತು. ಅದು ನುಸುಳಿದ ದೋಷಕ್ಕೆ ತಿದ್ದುಪಡಿಯು ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ, ಬಿಡುಗಡೆಯಾಗಿತ್ತು. ಅದನ್ನು ಹಾಕಿಕೊಳ್ಳದವರು ತೊಂದರೆಗೀಡಾದರು. 2014ರ ಏಪ್ರಿಲ್ 8ರಂದೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿ ಬಳಕೆದಾರರಿಗಂತೂ ದಾಳಿ ನಡೆಯುವವರೆಗೆ ತಿದ್ದುಪಡಿಯೇ ದೊರೆತಿರಲಿಲ್ಲ.

ಹಳೆಯ ಯಂತ್ರವನ್ನೇ ಕೆಲಕಾಲ ಮುಂದುವರಿಸಬೇಕಾದವರಿಗಾಗಿ ಮೈಕ್ರೋಸಾಫ್ಟ್ ವಿಸ್ತರಿತ ಸುರಕ್ಷತಾ ಯೋಜನೆಯೊಂದನ್ನು ಪ್ರಕಟಿಸಿತು. ಗೃಹಬಳಕೆದಾರರಿಗೆ ಅದರ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಲಾಯಿತು. ವಾಣಿಜ್ಯ ಸಂಸ್ಥೆಗಳಿಗೆ ಅದು ಗರಿಷ್ಠ ಮೂರು ವರ್ಷಗಳ ಯೋಜನೆ. ಮೊದಲ ವರ್ಷಕ್ಕೆ ಪ್ರತಿ ಯಂತ್ರಕ್ಕೆ 61 ಡಾಲರ್, ನಂತರ ವರ್ಷವರ್ಷಕ್ಕೂ ದರ ಇಮ್ಮಡಿ. ಇದು ಸಾಲದ ಕಂತನ್ನು ಮುಂದೂಡಿದಂತೆಯೇ ಹೊರತು ಸಾಲ ತೀರಿಸಿದಂತಲ್ಲ. ಆದರೂ ಸಿದ್ಧತೆಗೆ ಕಾಲಾವಕಾಶ ಬೇಕಾದವರಿಗೆ ಉಪಯುಕ್ತ.

ಯಂತ್ರಾಂಶದ ಅರ್ಹತೆ

2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11ಕ್ಕೆ 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿ.ಬಿ. ಮೆಮೊರಿ, 64 ಜಿ.ಬಿ. ಡಿಸ್ಕ್ ಸ್ಥಳ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಇರಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆ ಮತ್ತು ಅದರ ನಂತರದವು ಮಾತ್ರ ಅರ್ಹ. ಹೀಗಾಗಿ ಜಿ.ಎಸ್.ಟಿ. ಜಾರಿಗೆ ಬಂದ 2017ರ ಜುಲೈ ಹೊತ್ತಿಗೆ ಕೊಂಡ ಕಂಪ್ಯೂಟರುಗಳಲ್ಲಿ ಬಹುಪಾಲು ಈ ಪಟ್ಟಿಯಿಂದ ಹೊರಗುಳಿಯುತ್ತವೆ. ಪಿ.ಸಿ. ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶವನ್ನು ಓಡಿಸಿ ತಮ್ಮ ಯಂತ್ರದ ಅರ್ಹತೆಯನ್ನು ತಾವೇ ತಿಳಿಯಬಹುದು. ಕೆಲವು ಯಂತ್ರಗಳಲ್ಲಿ ಟಿ.ಪಿ.ಎಂ. ಇದ್ದೂ ಚಾಲನೆಯಲ್ಲಿರುವುದಿಲ್ಲ, ಬಯೋಸ್‌ನಲ್ಲಿ ಅದನ್ನು ಚಾಲೂ ಮಾಡಿಸಿದರೆ ಹೊಸ ಯಂತ್ರದ ಖರ್ಚೇ ಉಳಿಯಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅರ್ಹತೆಯಿಲ್ಲದ ಯಂತ್ರಕ್ಕೂ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವ ತಂತ್ರಜ್ಞರಿದ್ದಾರೆ. ಹಾಗೆ ಹಾಕಿದ ಯಂತ್ರಗಳಿಗೆ ಮುಂದಿನ ತಿದ್ದುಪಡಿಗಳು ದೊರೆಯುವ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ತಿಳಿಸಿದೆ. ಯಾವ ಸುರಕ್ಷತೆಗಾಗಿ ಬದಲಾವಣೆ ಮಾಡಿದೆವೋ ಅದೇ ಇಲ್ಲವಾದ ಮೇಲೆ ಆ ಖರ್ಚಿಗೆ ಅರ್ಥವಿಲ್ಲ. ಪರವಾನಗಿಯಿಲ್ಲದ ನಕಲಿ ಪ್ರತಿಗಳ ಬಗೆಗೂ ಇದೇ ಮಾತು.

ಹಳೆಯ ಬಿಲ್ಲಿಂಗ್ ತಂತ್ರಾಂಶಗಳು

1990ರ ದಶಕದಲ್ಲಿ ಮತ್ತು ಅದರ ನಂತರದ ಕೆಲವು ವರ್ಷಗಳಲ್ಲಿ ಸ್ಥಳೀಯ ಪ್ರೋಗ್ರಾಮರುಗಳು ಫಾಕ್ಸ್‌ಪ್ರೋ, ಕ್ಲಿಪ್ಪರ್ ಮುಂತಾದವುಗಳಲ್ಲಿ ಬರೆದುಕೊಟ್ಟ ಬಿಲ್ಲಿಂಗ್ ಮತ್ತು ದಾಸ್ತಾನು ತಂತ್ರಾಂಶಗಳು ಸಣ್ಣ ಊರುಗಳ ಮಂಡಿಗಳಲ್ಲಿ ಬಹುಕಾಲ ನಿಷ್ಠೆಯಿಂದ ದುಡಿದಿವೆ. ಡಾಸ್ ಆಧಾರಿತವಾದ ಇವು 32 ಬಿಟ್ ವಿಂಡೋಸ್‌ನಲ್ಲಿ ಓಡುತ್ತಿದ್ದವು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ತಂತ್ರಾಂಶಗಳು ಓಡುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಆದುದರಿಂದ ಇಲ್ಲಿಗೆ ಹಳಿ ಮುಗಿಯಿತೆಂದೇ ತಿಳಿಯಬೇಕು.

ಅಕ್ಕಿಯ ಸಗಟು ವ್ಯಾಪಾರಸ್ಥರೊಬ್ಬರ ಪ್ರಕರಣ ಇಲ್ಲಿ ಉಲ್ಲೇಖಾರ್ಹ. ಹೊಸ ಯಂತ್ರ ಬಂದ ದಿನ ಹಳೆಯದನ್ನು ವಿನಿಮಯಕ್ಕೆ ಕೊಟ್ಟುಬಿಟ್ಟರು. ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಲಾಗಿತ್ತು. ಆದುದರಿಂದ ಏನೂ ಕಳೆದುಹೋಗಿಲ್ಲವೆಂದೇ ಅವರ ನಂಬಿಕೆ. ಕೆಲವು ತಿಂಗಳ ನಂತರ ಹಿಂದಿನ ವರ್ಷವೊಂದರ ದಾಸ್ತಾನಿನ ವಿವರ ಕೋರಿ ನೋಟಿಸ್ ಬಂದಾಗ, ಕಡತಗಳು ಕೈಯಲ್ಲಿದ್ದರೂ ಅವುಗಳನ್ನು ತೆರೆದು ತೋರಿಸುವ ತಂತ್ರಾಂಶ ಇರಲಿಲ್ಲ. ಅವುಗಳಲ್ಲಿ ಡಿ.ಬಿ.ಎಫ್. ಮಾದರಿಯ ಕಡತಗಳನ್ನು ಲಿಬ್ರೆ ಆಫೀಸ್‌ನ ಕೋಷ್ಟಕ ತಂತ್ರಾಂಶದಲ್ಲಿ ತೆರೆದು, ವಾರಗಟ್ಟಲೆ ಜೋಡಿಸಿ, ಉತ್ತರ ಸಿದ್ಧಪಡಿಸಬೇಕಾಯಿತು. ಹಳೆಯ ಯಂತ್ರದಲ್ಲಿ ಹತ್ತು ನಿಮಿಷದಲ್ಲಿ ಮುದ್ರಿಸಬಹುದಾಗಿದ್ದ ವರದಿ ಅದು.

ಕಾನೂನಿನ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಜಿ.ಎಸ್.ಟಿ. ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಅಂತಿಮ ದಿನದಿಂದ 72 ತಿಂಗಳು ಕಾಪಾಡಬೇಕು. ಉದಾಹರಣೆಗೆ, 2023–24ನೆಯ ಸಾಲಿನ ವಾರ್ಷಿಕ ರಿಟರ್ನಿಗೆ 2024ರ ಡಿಸೆಂಬರ್ 31 ಕಡೆಯ ದಿನವಾಗಿತ್ತು. ಆ ಸಾಲಿನ ದಾಖಲೆಗಳು 2030ರ ಡಿಸೆಂಬರ್ 31ರವರೆಗೆ ಲಭ್ಯವಿರಬೇಕು. ಮೇಲ್ಮನವಿ ಬಾಕಿಯಿದ್ದಲ್ಲಿ ಅವಧಿ ಇನ್ನೂ ಹೆಚ್ಚಬಹುದು. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ ಎಂಟು ಹಣಕಾಸು ವರ್ಷಗಳ ಪುಸ್ತಕಗಳು ಇರಬೇಕು. ಕಾಪಾಡುವುದೆಂದರೆ ಓದಲು ಬರುವಂತೆ ಕಾಪಾಡುವುದು. ಕಂಪ್ಯೂಟರ್ ಬದಲಾಯಿತೆಂಬ ಕಾರಣವು ಯಾವ ಅಧಿಕಾರಿಯ ಮುಂದೆಯೂ ನಿಲ್ಲುವುದಿಲ್ಲ.

ಇನ್ನೊಂದು ಅಂಶ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಿನಾಂಕ ಸಹಿತ ದಾಖಲಿಸುವ ಆಡಿಟ್ ಟ್ರೇಲ್ ಸೌಲಭ್ಯ ಕಡ್ಡಾಯವಾಗಿದೆ. ಸಂಸ್ಥೆಯು ಪ್ರೈವೇಟ್ ಲಿಮಿಟೆಡ್ ಆಗಿದ್ದಲ್ಲಿ, ಹಳೆಯ ಡಾಸ್ ತಂತ್ರಾಂಶವನ್ನು ಉಪಾಯದಿಂದ ಓಡಿಸಿಕೊಂಡರೂ ಈ ಷರತ್ತು ಪೂರೈಸದು. ಅಂತಹವರು ಹಳೆಯ ತಂತ್ರಾಂಶವನ್ನು ಹಿಂದಿನ ವರ್ಷಗಳನ್ನು ನೋಡಲಷ್ಟೇ ಉಳಿಸಿಕೊಂಡು, ಚಾಲ್ತಿ ಲೆಕ್ಕವನ್ನು ಬೇರೆಡೆ ಬರೆಯತಕ್ಕದ್ದು.

ಟ್ಯಾಲಿ ಬಳಸುವವರ ಸ್ಥಿತಿ ಇಷ್ಟು ಕಠಿಣವಲ್ಲ. ಆದರೂ 2020ರಲ್ಲಿ ಬಂದ ಟ್ಯಾಲಿಪ್ರೈಮ್‌ಗೆ 64 ಬಿಟ್ ವಿಂಡೋಸ್ ಬೇಕು. ಟ್ಯಾಲಿ 7.2 ಮುಂತಾದ ಹಳೆಯ ಆವೃತ್ತಿಗಳ ದತ್ತಾಂಶ ನೇರವಾಗಿ ತೆರೆಯದೆ, ಪರಿವರ್ತನಾ ಸಾಧನದ ಮೂಲಕ ಹಾಯಬೇಕಾಗುತ್ತದೆ. ಒಮ್ಮೆ ಹೊಸ ಆವೃತ್ತಿಗೆ ಪರಿವರ್ತಿಸಿದ ದತ್ತಾಂಶ ಹಳೆಯದರಲ್ಲಿ ತೆರೆಯುವುದಿಲ್ಲ. ಆದುದರಿಂದ ಪರಿವರ್ತನೆಯನ್ನು ಯಾವಾಗಲೂ ನಕಲು ಪ್ರತಿಯ ಮೇಲೆ ಮಾಡಿಸಿ, ಎರಡೂ ಕಡೆಯ ಟ್ರಯಲ್ ಬ್ಯಾಲೆನ್ಸ್ ಮತ್ತು ಅಂತಿಮ ದಾಸ್ತಾನನ್ನು ತಾಳೆ ನೋಡಬೇಕು.

ಡಿಜಿಟಲ್ ಸಹಿಯ ಟೋಕನ್

ಬೆಮೆಲ್‌ನಂತಹ ಬೃಹತ್ ಕಾರ್ಖಾನೆಯಿರುವ ಕೆ.ಜಿ.ಎಫ್.ನಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿಗೆ ಡಿಜಿಟಲ್ ಸಹಿ ನಿತ್ಯದ ಅಗತ್ಯ. ಟೆಂಡರ್ ಸಲ್ಲಿಸಲು, ಕಂಪನಿ ವ್ಯವಹಾರಗಳ ಸಚಿವಾಲಯದ ನಮೂನೆಗಳಿಗೆ, ತೆರಿಗೆ ರಿಟರ್ನುಗಳಿಗೆ ಅದು ಬೇಕು. ಆಪರೇಟಿಂಗ್ ಸಿಸ್ಟಂ ಬದಲಾದ ಮೇಲೆ ಹೆಚ್ಚಾಗಿ ತೊಂದರೆ ಕೊಡುವ ವಸ್ತು ಈ ಚಿಕ್ಕ ಟೋಕನ್ನೇ.

ಸಹಿಯ ಕ್ರಿಯೆಯಲ್ಲಿ ಮೂರು ಕೊಂಡಿಗಳಿವೆ: ಟೋಕನ್ನಿನ ಡ್ರೈವರ್, ಆಯಾ ಜಾಲತಾಣವು ಕೇಳುವ ಸಹಿ ಮಾಡುವ ತಂತ್ರಾಂಶ ಮತ್ತು ಬ್ರೌಸರ್. ಇವುಗಳಲ್ಲಿ ಒಂದು ತಪ್ಪಿದರೂ ಸಹಿ ಬೀಳದು. ಟೋಕನ್ನಿನೊಡನೆ ಹಿಂದೆ ಬಂದ ಸಿ.ಡಿ.ಯಲ್ಲಿರುವ ಡ್ರೈವರನ್ನು ಹಾಕದೆ, ತಯಾರಕರ ಜಾಲತಾಣದಿಂದ ಇತ್ತೀಚಿನದನ್ನು ಪಡೆಯಬೇಕು. ಸಹಿ ತಂತ್ರಾಂಶವನ್ನು ಆಂಟಿವೈರಸ್ ತಡೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಟೋಕನ್ ಗುರುತಿಸಲ್ಪಡುತ್ತಿಲ್ಲವೆಂದು ಅದನ್ನು ಇನಿಷಿಯಲೈಸ್ ಮಾಡಲು ಯಾರಿಗೂ ಅವಕಾಶ ಕೊಡಬಾರದು. ಹಾಗೆ ಮಾಡಿದರೆ ಒಳಗಿನ ಪ್ರಮಾಣಪತ್ರ ಅಳಿಸಿಹೋಗುತ್ತದೆ, ಅದರ ನಕಲು ಬೇರೆಲ್ಲೂ ಇರುವುದಿಲ್ಲ, ಹೊಸದನ್ನೇ ಕೊಳ್ಳಬೇಕು.

ಒಂದು ಘಟಕದಲ್ಲಿ ತಿಂಗಳ 9ನೆಯ ತಾರೀಖು ಯಂತ್ರ ಬದಲಿಸಿದ ಪರಿಣಾಮವಾಗಿ ಜಿ.ಎಸ್.ಟಿ.ಆರ್–1ಕ್ಕೆ 11ರೊಳಗೆ ಸಹಿ ಮಾಡಲಾಗದೆ ಹತ್ತು ದಿನ ತಡವಾಯಿತು. ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಂತೆ 500 ರೂಪಾಯಿ. 3ಬಿ ರಿಟರ್ನೂ ಹೀಗೆಯೇ ಹತ್ತು ದಿನ ತಡವಾಗಿ, ನಗದಾಗಿ ಕಟ್ಟಬೇಕಾದ ತೆರಿಗೆ 2 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಶೇಕಡ 18ರ ದರದಲ್ಲಿ ಬಡ್ಡಿ ಸುಮಾರು 986 ರೂಪಾಯಿ. ಈ ಮೊತ್ತಗಳು ದೊಡ್ಡವಲ್ಲ. ನಿಜವಾದ ನಷ್ಟ ಇರುವುದು ಬೇರೆಡೆ. 2022ರ ಜನವರಿ 1ರಿಂದ, ಸರಬರಾಜುದಾರನು ಜಿ.ಎಸ್.ಟಿ.ಆರ್–1ರಲ್ಲಿ ತೋರಿಸದ ಬಿಲ್ಲಿನ ಮೇಲೆ ಖರೀದಿದಾರನು ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ಖರೀದಿದಾರ ಸಂಸ್ಥೆಯು ಆ ತಿಂಗಳ ಬಿಲ್ಲುಗಳ ಪಾವತಿಯನ್ನೇ ತಡೆಹಿಡಿಯಿತು. ಸಂಬಳದ ದಿನಕ್ಕೆ ಬರಬೇಕಿದ್ದ ಹಣ ಮುಂದಿನ ತಿಂಗಳಿಗೆ ಹೋಯಿತು. ದುಡಿಯುವ ಬಂಡವಾಳವೇ ಅಲ್ಪವಾಗಿರುವ ಸಣ್ಣ ಘಟಕಕ್ಕೆ ಇದು ಹೊಸ ಕಂಪ್ಯೂಟರಿನ ಬೆಲೆಗಿಂತ ದುಬಾರಿಯಾದ ಪಾಠ.

ಪ್ರಿಂಟರ್, ತೂಕದ ಯಂತ್ರ ಮತ್ತು ಕಾರ್ಖಾನೆಯ ಯಂತ್ರಗಳು

ಮೂರು ಪ್ರತಿಗಳ ಬಿಲ್ಲನ್ನು ಕಾರ್ಬನ್ ಹಾಳೆಯ ಮೇಲೆ ಒಮ್ಮೆಲೇ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಮಂಡಿಯಲ್ಲಿ ಈಗಲೂ ಬೆಲೆಯಿದೆ. ಆದರೆ ಅದನ್ನು ಜೋಡಿಸುವ ಅಗಲವಾದ ಪ್ಯಾರಲಲ್ ಪೋರ್ಟ್ ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯು.ಎಸ್.ಬಿ. ಪರಿವರ್ತಕ ತಂತಿ ಹಾಕಿದರೆ ವಿಂಡೋಸ್ ತಂತ್ರಾಂಶಗಳಿಂದ ಮುದ್ರಣ ಸಾಧ್ಯ; ನೇರವಾಗಿ ಎಲ್.ಪಿ.ಟಿ.–1ಕ್ಕೆ ಕಳುಹಿಸುವ ಹಳೆಯ ತಂತ್ರಾಂಶಗಳಿಂದ ಆಗದು. ಮೇಜಿನ ಮೇಲಿನ ಕಂಪ್ಯೂಟರ್ ಆಗಿದ್ದಲ್ಲಿ ಪ್ರತ್ಯೇಕ ಪ್ಯಾರಲಲ್ ಪೋರ್ಟ್ ಕಾರ್ಡ್ ಹಾಕಿಸಬಹುದು. ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನು ಮೊದಲೇ ಯೋಚಿಸಬೇಕು.

ತೂಕದ ಯಂತ್ರ ಮತ್ತು ವೇಬ್ರಿಡ್ಜ್ ಸಾಮಾನ್ಯವಾಗಿ ಸೀರಿಯಲ್ ಪೋರ್ಟಿನ ಮೂಲಕ ಕಂಪ್ಯೂಟರಿಗೆ ತೂಕವನ್ನು ತಿಳಿಸುತ್ತವೆ. ಇದಕ್ಕೂ ಯು.ಎಸ್.ಬಿ. ಪರಿವರ್ತಕಗಳು ದೊರೆಯುತ್ತವೆ, ಆದರೆ ಅವೆಲ್ಲವೂ ಒಂದೇ ಗುಣಮಟ್ಟದವಲ್ಲ. ಬಹುವಾಗಿ ಬಳಕೆಯಲ್ಲಿದ್ದ ಪ್ರೊಲಿಫಿಕ್ ಪಿ.ಎಲ್. 2303 ಚಿಪ್‌ನ ಕೆಲವು ಹಳೆಯ ಆವೃತ್ತಿಗಳಿಗೂ ನಕಲಿಗಳಿಗೂ ಹೊಸ ಡ್ರೈವರುಗಳಲ್ಲಿ ಬೆಂಬಲವಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ತಂತಿ ಹೊಸ ವಿಂಡೋಸ್‌ನಲ್ಲಿ ನಿಷ್ಕ್ರಿಯವಾದಾಗ, ತಕ್ಕಡಿ ಕೆಟ್ಟಿತೆಂದು ಭಾವಿಸಿ ರಿಪೇರಿಗೆ ಕಳುಹಿಸುವ ಮೊದಲು ಆ ತಂತಿಯನ್ನು ಬದಲಿಸಿ ನೋಡುವುದು ಲೇಸು.

ಕಾರ್ಖಾನೆಗಳಲ್ಲಿ ಸಿ.ಎನ್.ಸಿ. ಯಂತ್ರಕ್ಕೆ ಪ್ರೋಗ್ರಾಂ ಕಳುಹಿಸುವ ಹಳೆಯ ಕಂಪ್ಯೂಟರ್ ಇದ್ದಲ್ಲಿ, ಅದು ಕೆಲಸ ಮಾಡುತ್ತಿರುವವರೆಗೆ ಬದಲಿಸದಿರುವುದೇ ಉಚಿತ. ಆದರೆ ಅದನ್ನು ಇಂಟರ್‌ನೆಟ್ಟಿನಿಂದಲೂ ಕಚೇರಿಯ ಜಾಲದಿಂದಲೂ ಬೇರ್ಪಡಿಸಿ, ಡಿಸ್ಕಿನ ಪೂರ್ಣ ಪ್ರತಿಯೊಂದನ್ನು ತೆಗೆದಿಡಬೇಕು. ನಕ್ಷೆಗಳ ವಿಷಯದಲ್ಲಿಯೂ ಗಮನವಿರಲಿ: ಆಟೋಕ್ಯಾಡ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ನಕ್ಷೆ ಹಳೆಯ ಆವೃತ್ತಿಯಲ್ಲಿ ತೆರೆಯದಿರಬಹುದು; 32 ಬಿಟ್ ಯಂತ್ರಕ್ಕೆಂದು ಕೊಂಡ ಹಳೆಯ ಪ್ರತಿ ಹೊಸ ಯಂತ್ರದಲ್ಲಿ ಸ್ಥಾಪನೆಯಾಗದಿರಬಹುದು.

ಎರಡು ಮೂರು ಕಂಪ್ಯೂಟರುಗಳ ನಡುವೆ ಟ್ಯಾಲಿಯ ಫೋಲ್ಡರನ್ನು ಪಾಸ್‌ವರ್ಡ್ ಇಲ್ಲದೆ ಹಂಚಿಕೊಂಡಿರುವ ಅಂಗಡಿಗಳು ಬಹಳ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಇಂತಹ ಹಂಚಿಕೆಯ ನಿಯಮಗಳನ್ನು ಬಿಗಿಗೊಳಿಸಲಾಗಿದೆ. ಒಂದು ಯಂತ್ರ ಹೊಸದು, ಇನ್ನೊಂದು ಹಳೆಯದಾದಾಗ ಪರಸ್ಪರ ಕಾಣಿಸದಿರುವುದು ಇದರಿಂದಲೇ. ಪ್ರತಿಯೊಬ್ಬ ಬಳಕೆದಾರನಿಗೂ ಹೆಸರು, ಪಾಸ್‌ವರ್ಡ್ ಕೊಟ್ಟು ಹಂಚಿಕೆಯನ್ನು ಕ್ರಮಬದ್ಧಗೊಳಿಸುವುದೇ ಇದಕ್ಕೆ ಪರಿಹಾರ.

ಕನ್ನಡದ ಕಡತಗಳು

ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿವಾಸು ಅವರ ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಪತ್ರಗಳು, ದರಪಟ್ಟಿಗಳು, ಬಾಡಿಗೆ ಕರಾರುಗಳು ಎಲ್ಲರ ಕಡತಗಳಲ್ಲಿಯೂ ಇವೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಸಿದ್ಧಪಡಿಸಿದ ಇಂತಹ ಕಡತಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಆ ಫಾಂಟ್ ಯಂತ್ರದಲ್ಲಿಲ್ಲ, ಅಷ್ಟೆ. ಹಳೆಯ ಯಂತ್ರದಿಂದ ಫಾಂಟ್‌ಗಳನ್ನು ನಕಲು ಮಾಡಿಕೊಂಡರೆ ಓದಬಹುದು. ಮುಂದೆಯೂ ಬೇಕಾಗುವ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ತಾಳೆ ನೋಡಿ ಇಡುವುದು ಕ್ಷೇಮ.

ಅನುಸರಿಸಬಹುದಾದ ಕ್ರಮ

1. ಮೊದಲು ಪಟ್ಟಿ. ಯಂತ್ರಕ್ಕೆ ಜೋಡಿಸಿರುವ ಪ್ರತಿಯೊಂದು ಉಪಕರಣ, ಅದರ ಮಾದರಿ, ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಪರವಾನಗಿ ಸಂಖ್ಯೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೊಸ ವಿಂಡೋಸ್‌ನಲ್ಲಿ ನಡೆಯುವವು, ನಡೆಯದವು, ಸಂದೇಹವಿರುವವು ಎಂದು ಮೂರು ಭಾಗ ಮಾಡಿ.

2. ಎರಡು ಬ್ಯಾಕಪ್. ಒಂದು ಕಚೇರಿಯಲ್ಲಿ, ಒಂದು ಬೇರೆ ಸ್ಥಳದಲ್ಲಿ. ಬ್ಯಾಕಪ್ ತೆಗೆದರಷ್ಟೇ ಸಾಲದು. ಇನ್ನೊಂದು ಯಂತ್ರದಲ್ಲಿ ಅದನ್ನು ತೆರೆದು ನೋಡಬೇಕು.

3. ಹಿಂದಿನ ವರ್ಷಗಳ ಮುದ್ರಿತ ರೂಪ. ಪ್ರತಿ ವರ್ಷದ ಲೆಡ್ಜರ್, ದಿನವಹಿ, ದಾಸ್ತಾನು ವಿವರಗಳನ್ನು ಪಿ.ಡಿ.ಎಫ್. ರೂಪದಲ್ಲಿ ಉಳಿಸಿ. ಯಾವ ಆಪರೇಟಿಂಗ್ ಸಿಸ್ಟಂ ಬಂದರೂ ಅದನ್ನು ಓದಬಹುದು.

4. ದಿನಾಂಕದ ಆಯ್ಕೆ. ಮಾಸಿಕ 3ಬಿ ರಿಟರ್ನಿಗೆ 20, ತ್ರೈಮಾಸಿಕ ಯೋಜನೆಯಲ್ಲಿರುವ ಕರ್ನಾಟಕದವರಿಗೆ 22, ಟಿ.ಡಿ.ಎಸ್. ಪಾವತಿಗೆ 7, ಜಿ.ಎಸ್.ಟಿ.ಆರ್–1ಕ್ಕೆ 11 ಕಡೆಯ ದಿನಗಳು. ಆದುದರಿಂದ 23ರ ನಂತರದ ವಾರವೇ ಸೂಕ್ತ. ಟಿ.ಡಿ.ಎಸ್. ರಿಟರ್ನ್ ಸಲ್ಲಿಸುವ ತಿಂಗಳ ಕೊನೆಯನ್ನೂ, ಮಾರ್ಚ್ ಮತ್ತು ಲೆಕ್ಕಪರಿಶೋಧನೆಯ ಸೆಪ್ಟೆಂಬರ್ ತಿಂಗಳುಗಳನ್ನೂ ಬಿಡಬೇಕು.

5. ಒಂದು ಯಂತ್ರದಿಂದ ಆರಂಭ. ಎಲ್ಲ ಯಂತ್ರಗಳನ್ನೂ ಒಂದೇ ದಿನ ಬದಲಿಸಬೇಡಿ. ವಿಂಡೋಸ್ 10ರಿಂದ 11ಕ್ಕೆ ಅದೇ ಯಂತ್ರದಲ್ಲಿ ಏರಿಸಿದವರಿಗೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿರುಗುವ ಅವಕಾಶವಿರುತ್ತದೆ. ಆ ಹತ್ತು ದಿನಗಳಲ್ಲಿ ಒಂದು ಬಿಲ್, ಒಂದು ಇ–ವೇ ಬಿಲ್, ಒಂದು ಡಿಜಿಟಲ್ ಸಹಿ, ಒಂದು ತೂಕದ ಚೀಟಿ ಎಲ್ಲವನ್ನೂ ಪರೀಕ್ಷಿಸಿ ಮುಗಿಸಿ.

6. ಖಾತೆ ಯಾರ ಹೆಸರಿನಲ್ಲಿ? ವಿಂಡೋಸ್ 11ರ ಹೊಸ ಸ್ಥಾಪನೆಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಳ್ಳಬಹುದು. ಅದನ್ನು ತೆರೆಯುವ 48 ಅಂಕಿಗಳ ಕೀಲಿಯು ಸ್ಥಾಪನೆಯ ವೇಳೆ ನೀಡಿದ ಮೈಕ್ರೋಸಾಫ್ಟ್ ಖಾತೆಗೆ ಸೇರುತ್ತದೆ. ತಂತ್ರಜ್ಞನು ತನ್ನದೇ ಖಾತೆ ಬಳಸಿದ್ದರೆ ನಿಮ್ಮ ಗಲ್ಲಾಪೆಟ್ಟಿಗೆಯ ಕೀಲಿ ಅವನ ಜೇಬಿನಲ್ಲಿರುತ್ತದೆ. ಸಂಸ್ಥೆಯ ಖಾತೆಯನ್ನೇ ಬಳಸಿ, ಆ ಕೀಲಿಯನ್ನು ಮುದ್ರಿಸಿ ಇಟ್ಟುಕೊಳ್ಳಿ.

7. ಹಳೆಯ ಯಂತ್ರವನ್ನು ಕೊಡಬೇಡಿ. ಕನಿಷ್ಠ ಒಂದು ಪೂರ್ಣ ಆರ್ಥಿಕ ವರ್ಷ ಅದನ್ನು ಇಂಟರ್‌ನೆಟ್ ಇಲ್ಲದೆ ಇರಿಸಿಕೊಳ್ಳಿ. ಸ್ಥಳದ ಅಭಾವವಿದ್ದರೆ ಅದರ ಪೂರ್ಣ ಪ್ರತಿಯನ್ನು ವರ್ಚುವಲ್ ಯಂತ್ರವಾಗಿ ಹೊಸದರೊಳಗೆ ಇಡಬಹುದು. ವಿನಿಮಯದಲ್ಲಿ ಸಿಗುವ ಅಲ್ಪ ಮೊತ್ತಕ್ಕಿಂತ ಅದರೊಳಗಿನ ಲೆಕ್ಕ ಬೆಲೆಬಾಳುತ್ತದೆ.

ಲೆಕ್ಕದ ದೃಷ್ಟಿಯಿಂದ

ಹೊಸ ಯಂತ್ರದ ಮೇಲೆ ಕಟ್ಟಿದ ಜಿ.ಎಸ್.ಟಿ.ಗೆ, ಅದು ವ್ಯವಹಾರಕ್ಕೆ ಬಳಕೆಯಾಗುವ ಮಟ್ಟಿಗೆ, ಜಮೆ ಪಡೆಯಬಹುದು. ಬಿಲ್ಲಿನಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಇರಲಿ. ಜಮೆ ಪಡೆದ ತೆರಿಗೆಯನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಡಿ ಕಂಪ್ಯೂಟರ್ ಮತ್ತು ತಂತ್ರಾಂಶಕ್ಕೆ ನಿಗದಿಯಾದ ಸವಕಳಿ ದರ ಶೇಕಡ 40. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದಲ್ಲಿ ಅದರ ಅರ್ಧ. ಜಮೆ ಪಡೆದಿದ್ದ ಹಳೆಯ ಯಂತ್ರವನ್ನು ಮಾರುವಾಗಲೂ ಜಿ.ಎಸ್.ಟಿ. ಬಾಧ್ಯತೆ ಇರುತ್ತದೆಂಬುದನ್ನು ಮರೆಯಬಾರದು. ಮಾರುವ ಮುನ್ನ ಡಿಸ್ಕನ್ನು ತೆಗೆದಿರಿಸಿಕೊಳ್ಳುವುದು ಒಳಿತು.

ವೆಚ್ಚದ ಅಂದಾಜು ಮಾಡುವಾಗ ಯಂತ್ರದ ಬೆಲೆಯ ಜೊತೆಗೆ ಪೋರ್ಟ್ ಕಾರ್ಡ್, ಪರಿವರ್ತಕ ತಂತಿ, ತಂತ್ರಾಂಶದ ನವೀಕರಣ, ದತ್ತಾಂಶ ಪರಿವರ್ತನೆಯ ಕೂಲಿ, ಸಿಬ್ಬಂದಿ ಕಳೆಯುವ ದಿನಗಳು ಇವುಗಳನ್ನೂ ಬರೆದುಕೊಳ್ಳಬೇಕು. ಹಾಗೆ ಬರೆದಾಗ, ಕೆಲವರಿಗೆ ಹಳೆಯ ಪ್ರಿಂಟರನ್ನು ಉಳಿಸುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಅಗ್ಗವೆಂದು ತೋರುತ್ತದೆ. ಇನ್ನು ಕೆಲವರಿಗೆ ಒಂದು ವರ್ಷ ವಿಸ್ತರಿತ ಸುರಕ್ಷತೆ ಕೊಂಡು ನಿಧಾನವಾಗಿ ಬದಲಿಸುವುದೇ ಲಾಭವೆಂದು ತಿಳಿಯುತ್ತದೆ. ಎಲ್ಲರಿಗೂ ಒಂದೇ ಉತ್ತರವಿಲ್ಲ. ತಮ್ಮ ಪಟ್ಟಿಯನ್ನು ತಾವು ಬರೆದವರಿಗೆ ತಮ್ಮ ಉತ್ತರ ದೊರೆಯುತ್ತದೆ.

2014ರಲ್ಲಿ ವಿಂಡೋಸ್ ಎಕ್ಸ್‌ಪಿ, 2020ರ ಜನವರಿ 14ರಂದು ವಿಂಡೋಸ್ 7, 2025ರಲ್ಲಿ ವಿಂಡೋಸ್ 10 ಹೀಗೆ ಐದಾರು ವರ್ಷಗಳಿಗೊಮ್ಮೆ ಈ ಸರದಿ ಬಂದಿದೆ, ಮುಂದೆಯೂ ಬರುತ್ತದೆ. ಪ್ರತಿ ಸಲವೂ ಯಂತ್ರ ಬದಲಾಗಬಹುದು, ಪ್ರಿಂಟರ್ ಬದಲಾಗಬಹುದು. ಬದಲಾಗಬಾರದ್ದು ಒಂದೇ: ಕೇಳಿದ ದಿನ ಕೇಳಿದ ವರ್ಷದ ಪುಸ್ತಕವನ್ನು ತೆರೆದು ತೋರಿಸುವ ಶಕ್ತಿ. ಸದಸ್ಯರು ಈ ತಿಂಗಳ ರಿಟರ್ನುಗಳ ಕೆಲಸ ಮುಗಿದ ಮೇಲೆ ಒಂದು ಸಂಜೆಯನ್ನು ಮೀಸಲಿಟ್ಟು, ಮೇಲೆ ಹೇಳಿದ ಪಟ್ಟಿಯ ಮೊದಲ ಹಾಳೆಯನ್ನಾದರೂ ಬರೆದಿಡುವುದು ಒಳಿತು.